ಕಡಲ ತಡಿಯಿಂದ ಲೇಹ್ ನಗರಕ್ಕೆ

“ದೇಶ ಸುತ್ತು, ಇಲ್ಲವೇ ಕೋಶ ಓದು” ಎಂಬುದು ಕನ್ನಡ ನಾಡಿನ ಹಳೆಯ ನುಡಿ. ಲೋಕದ ಅರಿವನ್ನು ಪಡೆಯಲು ಎರಡು ದಾರಿಗಳುಂಟು, ಅವುಗಳಲ್ಲಿ ಯಾವುದೊಂದನ್ನು ಹಿಡಿದರೂ ಸಾಕು ಎಂಬುದು ಅದರ ಮೇಲ್ನೋಟದ ಅರ್ಥ. ಆದರೆ ಈ ಎರಡು ದಾರಿಗಳೂ ಒಂದನ್ನೊಂದು ಕೂಡಿಕೊಂಡಾಗಲೇ ಪ್ರವಾಸವು ಸಾರ್ಥಕವಾಗುತ್ತದೆ. ಕೋಶವನ್ನು ಓದದೆ ದೇಶವನ್ನು ಸುತ್ತಿದವನ ಕಣ್ಣಿಗೆ ಕಟ್ಟಡಗಳು ಕಾಣುತ್ತವೆ, ಬೆಟ್ಟಗಳು ಕಾಣುತ್ತವೆ, ಅಂಗಡಿ ಬೀದಿಗಳು ಕಾಣುತ್ತವೆ. ಅವುಗಳ ಹಿಂದಿರುವ ಮನುಷ್ಯರ ಬಾಳು ಮಾತ್ರ ಕಾಣದೆ ಉಳಿಯುತ್ತದೆ. ದೂರದ ನಾಡಿಗೆ ಹೊರಡುವವರು ಬಟ್ಟೆಬರೆಗಳನ್ನೂ ಹಣಕಾಸನ್ನೂ ಹೊಂದಿಸಿಕೊಳ್ಳುವುದರ ಜೊತೆಗೆ ದೇಹವನ್ನೂ ಮನಸ್ಸನ್ನೂ ಅಣಿಗೊಳಿಸಿಕೊಳ್ಳಬೇಕಾದುದು ಅದಕ್ಕಾಗಿಯೇ. ಹಿಮಾಲಯದ ಮಡಿಲಲ್ಲಿರುವ, ಬೌದ್ಧ ವಿಹಾರಗಳಿಂದ ಹೆಸರಾದ ಲೇಹ್ ನಗರಕ್ಕೆ ಕರ್ನಾಟಕದ ಕರಾವಳಿಯಿಂದ ಹೊರಡುವವರಿಗೆ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾರವಾರದಿಂದ ಅಂಕೋಲೆಯ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಅರ್ಗಾ ಎಂಬ ಊರಿದೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಬೆಟ್ಟಸಾಲು. ಇವೆರಡರ ನಡುವೆ ಕಿರಿದಾದ ನೆಲ. ಮೀನುಗಾರಿಕೆಯೂ ಬೇಸಾಯವೂ ಈ ಭಾಗದ ಜನರ ಹಳೆಯ ಕಸುಬುಗಳು. 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಇಲ್ಲಿ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ‘ಸೀಬರ್ಡ್’ ಎಂದು ಹೆಸರಾದ ಆ ಯೋಜನೆಯ ಫಲವಾಗಿ ನಿರ್ಮಾಣಗೊಂಡ ನೆಲೆಯು 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಯ ಊರುಗಳಲ್ಲಿ ಹನ್ನೊಂದು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಪಡೆಯಲಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ಕಡಲ ದಂಡೆ ಇವೆಲ್ಲವನ್ನೂ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಹುಟ್ಟಿದ ನೆಲವನ್ನು ಬಿಟ್ಟು ನಡೆಯುವುದೆಂದರೆ ಏನೆಂಬುದನ್ನು ಅರ್ಗಾ ಬಲ್ಲದು. ಈ ಅರಿವು ಬೌದ್ಧ ವಿಹಾರಗಳನ್ನು ನೋಡ ಹೊರಟವರಿಗೆ ಹೇಗೆ ನೆರವಾಗುತ್ತದೆಂಬುದು ಮುಂದೆ ತಿಳಿದುಬರುತ್ತದೆ.

ಅರ್ಗಾದ ನೆಲವು ಸಮುದ್ರದ ಮಟ್ಟಕ್ಕೆ ಸಮೀಪದಲ್ಲಿದೆ. ಲೇಹ್ ನಗರವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಸುರಿದರೆ, ಲೇಹ್‌ನಲ್ಲಿ ಬೀಳುವುದು ಸುಮಾರು 100 ಮಿಲಿಮೀಟರ್ ಮಾತ್ರ. ಇಲ್ಲಿ ಬೆಟ್ಟವೆಂದರೆ ಹಸುರು. ಅಲ್ಲಿ ಬೆಟ್ಟವೆಂದರೆ ಬರಿಯ ಕಲ್ಲು, ಮಣ್ಣು ಮತ್ತು ತುದಿಯಲ್ಲಿ ಹಿಮ. ಸಿಂಧೂ ನದಿಯ ಕಣಿವೆಯಲ್ಲಿ, ಹಿಮ ಕರಗಿ ಹರಿಯುವ ತೊರೆಗಳ ಅಂಚಿನಲ್ಲಿ ಮಾತ್ರ ಜವೆಗೋಧಿಯ ಹೊಲಗಳೂ ಏಪ್ರಿಕಾಟ್ ಮರಗಳೂ ಕಾಣುತ್ತವೆ. ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಇಂಥ ನಾಡಿನಲ್ಲಿ ಮನುಷ್ಯರು ಶತಮಾನಗಳಿಂದ ಬಾಳಿದ್ದಾರೆ, ರಾಜ್ಯ ಕಟ್ಟಿದ್ದಾರೆ, ಯಾರ್ಕಂದದಿಂದಲೂ ಲ್ಹಾಸಾದಿಂದಲೂ ಬರುತ್ತಿದ್ದ ವ್ಯಾಪಾರಿಗಳಿಗೆ ಸಂತೆಯನ್ನು ಒದಗಿಸಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಸೆಂಗೆ ನಮ್‌ಗ್ಯಾಲ್ ಎಂಬ ಅರಸನ ಕಾಲದಲ್ಲಿ ಕಟ್ಟಿದ ಒಂಬತ್ತು ಅಂತಸ್ತುಗಳ ಅರಮನೆಯು ಇಂದಿಗೂ ಊರಿನ ಮೇಲಿನ ದಿಬ್ಬದಲ್ಲಿ ನಿಂತಿದೆ. 2019ರ ಅಕ್ಟೋಬರ್ 31ರಿಂದ ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾಗಿದೆ.

ಕಡಲ ತಡಿಯವರು ಈ ಎತ್ತರಕ್ಕೆ ಹೋಗುವಾಗ ಮೊದಲು ತಿಳಿಯಬೇಕಾದುದು ಗಾಳಿಯ ಗುಣವನ್ನು. ಎತ್ತರದ ಪ್ರದೇಶದ ಗಾಳಿಯಲ್ಲಿ ಆಮ್ಲಜನಕವೇ ಇರುವುದಿಲ್ಲವೆಂದು ಕೆಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಎಲ್ಲೆಡೆಯೂ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವೇ. ಆದರೆ ಮೇಲೇರಿದಂತೆ ಗಾಳಿಯ ಒತ್ತಡವು ಕುಗ್ಗುತ್ತದೆ. ಲೇಹ್‌ನಲ್ಲಿ ಅದು ಕಡಲ ತಡಿಯ ಒತ್ತಡದ ಮೂರರಲ್ಲಿ ಎರಡು ಪಾಲಿನಷ್ಟು. ಆದುದರಿಂದ ಒಂದೊಂದು ಉಸಿರಿನಲ್ಲಿ ಶ್ವಾಸಕೋಶಕ್ಕೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಈ ಕೊರತೆಗೆ ದೇಹವು ಹೊಂದಿಕೊಳ್ಳಬಲ್ಲದು. ಆದರೆ ಅದಕ್ಕೆ ಕಾಲಾವಕಾಶ ಬೇಕು. ಅವಸರ ಮಾಡಿದವರಿಗೆ ತಲೆನೋವು, ಓಕರಿಕೆ, ನಿದ್ರಾಹೀನತೆ, ಆಯಾಸ ಮೊದಲಾದವು ತಲೆದೋರುತ್ತವೆ. ಲಕ್ಷಣಗಳು ಉಲ್ಬಣಿಸಿದರೆ ಪ್ರಾಣಕ್ಕೂ ಅಪಾಯವುಂಟು. ಗಟ್ಟಿಮುಟ್ಟಾದ ತರುಣರು ಇದಕ್ಕೆ ಹೊರತಲ್ಲ. ದೇಹಬಲದ ಹೆಮ್ಮೆಯಿಂದ ಮೊದಲ ದಿನವೇ ಬೆಟ್ಟ ಹತ್ತುವವರು ಹಾಸಿಗೆ ಹಿಡಿಯುವ ಸಂಭವ ಹೆಚ್ಚು.

ಇದಕ್ಕೆ ಮುಖ್ಯವಾದ ಉಪಾಯವೆಂದರೆ ನಿಧಾನ. ವಿಮಾನದಲ್ಲಿ ಹೋದರೆ ದೆಹಲಿಯ ಬಯಲಿನಿಂದ ಒಂದೂವರೆ ಗಂಟೆಯೊಳಗೆ ಲೇಹ್ ತಲುಪಬಹುದು. ಆದರೆ ಅಷ್ಟು ಬೇಗ ಏರಿದ ದೇಹಕ್ಕೆ ಕನಿಷ್ಠ ಎರಡು ದಿನಗಳ ಪೂರ್ಣ ವಿಶ್ರಾಂತಿ ಬೇಕು. ನೆಲದ ದಾರಿಯಲ್ಲಿ ಹೋಗುವವರಿಗೆ ಶ್ರೀನಗರದ ದಾರಿಯು ಹಿತಕರ. ಕೊಂಕಣ ರೈಲುಮಾರ್ಗವು 1998ರ ಜನವರಿಯಲ್ಲಿ ಸಂಪೂರ್ಣವಾಗಿ ತೆರೆದ ಮೇಲೆ ಕಾರವಾರದಿಂದ ದೆಹಲಿಗೆ ರೈಲಿನಲ್ಲಿ ಹೋಗುವುದು ಸುಲಭವಾಗಿದೆ. 2025ರ ಜೂನ್ 6ರಂದು ಚೆನಾಬ್ ನದಿಯ ಮೇಲಿನ ಎತ್ತರದ ಸೇತುವೆಯ ಉದ್ಘಾಟನೆಯಾಗಿ, ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೂ ರೈಲು ಓಡತೊಡಗಿದೆ. ಶ್ರೀನಗರವು ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಕಾರ್ಗಿಲ್ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಈ ಎರಡು ಊರುಗಳಲ್ಲಿಯೂ ತಂಗಿ ಮುಂದುವರಿದರೆ ದೇಹವು ಮೆಟ್ಟಿಲು ಮೆಟ್ಟಿಲಾಗಿ ಎತ್ತರಕ್ಕೆ ಒಗ್ಗುತ್ತದೆ. ದಾರಿಯಲ್ಲಿ ಜೋಜಿಲಾ, ಫೋಟುಲಾ ಮುಂತಾದ ಕಣಿವೆ ದಾರಿಗಳನ್ನು ದಾಟಬೇಕು; ಫೋಟುಲಾದ ಎತ್ತರ 4,100 ಮೀಟರಿಗೂ ಹೆಚ್ಚು. ಅದನ್ನು ದಾಟಿದೊಡನೆ ಲಾಮಾಯುರು ಎಂಬ ಪುರಾತನ ವಿಹಾರವು ಕಣ್ಣಿಗೆ ಬೀಳುತ್ತದೆ. ಲೇಹ್ ತಲುಪಿದ ಮೇಲೆಯೂ ಮೊದಲ ದಿನಗಳಲ್ಲಿ ಆಯಾಸದ ಕೆಲಸಗಳನ್ನು ಬಿಟ್ಟು, ನೀರನ್ನು ಸಾಕಷ್ಟು ಕುಡಿದು, ಮದ್ಯ ಧೂಮಪಾನಗಳಿಂದ ದೂರವಿರಬೇಕು. ತಲೆನೋವು ಹೆಚ್ಚುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಅವರು ಹೇಳಿದರೆ ಕೆಳಗಿಳಿಯಲು ಹಿಂಜರಿಯಬಾರದು. ಹೃದಯ ಮತ್ತು ಶ್ವಾಸಕೋಶದ ತೊಂದರೆಯುಳ್ಳವರು ಊರು ಬಿಡುವ ಮೊದಲೇ ವೈದ್ಯರ ಸಲಹೆ ಪಡೆಯುವುದು ಅಗತ್ಯ.

ಕಾಲದ ಆಯ್ಕೆಯೂ ಮುಖ್ಯವಾದುದು. ಚಳಿಗಾಲದಲ್ಲಿ ಕಣಿವೆ ದಾರಿಗಳನ್ನು ಹಿಮ ಮುಚ್ಚುವುದರಿಂದ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಪ್ರವಾಸಕ್ಕೆ ಯೋಗ್ಯ. ಮಳೆ ಕಡಿಮೆಯಾದ ನಾಡೆಂದು ಬೇಸಿಗೆಯಲ್ಲಿ ಎಚ್ಚರ ತಪ್ಪುವಂತಿಲ್ಲ. 2010ರ ಆಗಸ್ಟ್ ತಿಂಗಳಲ್ಲಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ, ರಾತ್ರಿಯಲ್ಲಿ ಹರಿದುಬಂದ ಕೆಸರಿನ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ದುರಂತವನ್ನು ಕಂಡ ಕರಾವಳಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟವು ಸಹ್ಯಾದ್ರಿಯದಾಗಲಿ ಹಿಮಾಲಯದ್ದಾಗಲಿ, ಅದರ ಬುಡದಲ್ಲಿ ನಡೆಯುವವರು ಹವಾಮಾನದ ಮುನ್ಸೂಚನೆಯನ್ನು ಗೌರವಿಸಲೇಬೇಕು.

ದೇಹದ ಸಿದ್ಧತೆಯ ನಂತರ ಬರುವುದು ಮನಸ್ಸಿನ ಸಿದ್ಧತೆ. ಲೇಹ್‌ನ ಸುತ್ತಮುತ್ತ ಸ್ಪಿಟುಕ್, ಶೇ, ಥಿಕ್ಸೆ, ಹೆಮಿಸ್ ಮೊದಲಾದ ವಿಹಾರಗಳಿವೆ. ಇವುಗಳನ್ನು ಅಲ್ಲಿಯ ಜನರು ‘ಗೋಂಪಾ’ ಎಂದು ಕರೆಯುತ್ತಾರೆ. ಥಿಕ್ಸೆಯ ವಿಹಾರವು ಹನ್ನೆರಡು ಅಂತಸ್ತುಗಳಲ್ಲಿ ಬೆಟ್ಟವನ್ನೇ ಹೊದ್ದುಕೊಂಡಂತೆ ನಿಂತಿದೆ. ಅದರೊಳಗಿರುವ ಮೈತ್ರೇಯ ಬುದ್ಧನ ವಿಗ್ರಹದ ಎತ್ತರ ಸುಮಾರು 15 ಮೀಟರ್. ಆಲ್ಚಿಯ ಹಳೆಯ ಗುಡಿಗಳ ಗೋಡೆಗಳ ಮೇಲೆ ಶತಮಾನಗಳಷ್ಟು ಹಳೆಯದಾದ ವರ್ಣಚಿತ್ರಗಳಿವೆ. ಇವೆಲ್ಲವನ್ನೂ ಒಂದೇ ದಿನದಲ್ಲಿ ಸುತ್ತಿ ಬರುವ ಪ್ರವಾಸಿಗರಿದ್ದಾರೆ. ಅವರು ಮರಳಿ ಬಂದಾಗ ಒಂದು ವಿಹಾರದ ನೆನಪು ಇನ್ನೊಂದರೊಡನೆ ಬೆರೆತು, ಬಣ್ಣಗಳ ಗದ್ದಲವೊಂದೇ ಉಳಿದಿರುತ್ತದೆ. ವಿಹಾರವೆಂದರೇನು, ಅದರೊಳಗೆ ದಿನವಿಡೀ ನಡೆಯುವುದೇನು ಎಂಬುದು ತಿಳಿಯದಿದ್ದರೆ ಹೀಗಾಗುವುದು ಸಹಜವೇ.

ಬೌದ್ಧಧರ್ಮವು ಹಿಮಾಲಯದಲ್ಲಿ ಹುಟ್ಟಿದುದಲ್ಲ. ಗಂಗೆಯ ಬಯಲಿನಿಂದ ಅಲ್ಲಿಗೆ ಹತ್ತಿಹೋದುದು. ಎಂಟನೆಯ ಶತಮಾನದಲ್ಲಿ ಶಾಂತರಕ್ಷಿತ, ಪದ್ಮಸಂಭವ ಎಂಬ ಆಚಾರ್ಯರು ಭಾರತದಿಂದ ಟಿಬೆಟ್ಟಿಗೆ ಹೋದರು. ಹನ್ನೊಂದನೆಯ ಶತಮಾನದಲ್ಲಿ ವಿಕ್ರಮಶಿಲೆಯ ವಿದ್ಯಾಪೀಠದಿಂದ ಅತೀಶ ದೀಪಂಕರನು ಹೋದನು. ಟಿಬೆಟನ್ನರ ಲಿಪಿಯೂ ಭಾರತದ ಲಿಪಿಯಿಂದಲೇ ರೂಪುಗೊಂಡಿತು. ಸಂಸ್ಕೃತದ ನೂರಾರು ಗ್ರಂಥಗಳನ್ನು ಅಲ್ಲಿಯ ವಿದ್ವಾಂಸರು ಶ್ರದ್ಧೆಯಿಂದ ತಮ್ಮ ಭಾಷೆಗೆ ತಂದುಕೊಂಡರು. ಮುಂದೆ ನಾಲಂದಾ, ವಿಕ್ರಮಶಿಲೆಗಳು ಹಾಳಾದಾಗ ಅನೇಕ ಗ್ರಂಥಗಳ ಮೂಲಗಳು ಭಾರತದಲ್ಲಿ ಅಳಿದುಹೋದವು. ಅವುಗಳ ಅನುವಾದಗಳು ಮಾತ್ರ ಹಿಮದ ನಾಡಿನಲ್ಲಿ ಉಳಿದುಕೊಂಡವು. ಮನೆಯವರು ಕಳೆದುಕೊಂಡ ಒಡವೆಯನ್ನು ನೆರೆಮನೆಯವರು ಜೋಪಾನ ಮಾಡಿದಂತಾಯಿತು. ಹೀಗಾಗಿ ಹಿಮಾಲಯದ ವಿಹಾರವು ಭಾರತೀಯನಿಗೆ ಪರಕೀಯವಲ್ಲ. ಅವನ ಪೂರ್ವಿಕರ ವಿದ್ಯೆಯೇ ಅಲ್ಲಿ ಬೇರೊಂದು ಭಾಷೆಯಲ್ಲಿ ಮಾತನಾಡುತ್ತಿದೆ.

ಟಿಬೆಟ್ಟಿನ ಬೌದ್ಧರಲ್ಲಿ ಹಲವು ಪಂಥಗಳಿವೆ. ಅವುಗಳಲ್ಲಿ ಗೆಲುಗ್ ಪಂಥವು ತ್ಸೊಂಗ್‌ಖಾಪಾ ಎಂಬ ಮಹಾವಿದ್ವಾಂಸನಿಂದ ಬೆಳೆದುದು. ಆತನು 1409ರಲ್ಲಿ ಲ್ಹಾಸಾ ನಗರದ ಬಳಿ ಗಾದೆನ್ ವಿಹಾರವನ್ನು ಸ್ಥಾಪಿಸಿದನು. ಆತನ ಶಿಷ್ಯರಿಂದ 1416ರಲ್ಲಿ ಡ್ರೆಪುಂಗ್, 1419ರಲ್ಲಿ ಸೆರಾ ವಿಹಾರಗಳು ಸ್ಥಾಪನೆಗೊಂಡವು. ಈ ಮೂರೂ ಕಾಲಕ್ರಮದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳಾದವು. ಡ್ರೆಪುಂಗ್ ಒಂದರಲ್ಲಿಯೇ ಏಳು ಸಾವಿರಕ್ಕೂ ಮಿಕ್ಕಿ ಭಿಕ್ಷುಗಳಿದ್ದ ಕಾಲವಿತ್ತು. ಲೇಹ್ ಬಳಿಯ ಸ್ಪಿಟುಕ್ ಮತ್ತು ಥಿಕ್ಸೆ ವಿಹಾರಗಳೂ ಗೆಲುಗ್ ಪಂಥಕ್ಕೆ ಸೇರಿದವು. ಲಡಾಖಿನ ತರುಣ ಭಿಕ್ಷುಗಳು ಹೆಚ್ಚಿನ ವಿದ್ಯೆಗಾಗಿ ತಿಂಗಳುಗಟ್ಟಲೆ ನಡೆದು ಲ್ಹಾಸಾದ ಈ ವಿದ್ಯಾಪೀಠಗಳನ್ನು ಸೇರುತ್ತಿದ್ದರು.

ಆ ದಾರಿಯು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಡಿದುಹೋಯಿತು. 1950ರಲ್ಲಿ ಚೀನದ ಸೈನ್ಯವು ಟಿಬೆಟ್ಟನ್ನು ಪ್ರವೇಶಿಸಿತು. 1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ಜನರು ದಂಗೆಯೆದ್ದರು. ಅದೇ ತಿಂಗಳ 17ರಂದು ಹದಿನಾಲ್ಕನೆಯ ದಲೈ ಲಾಮಾ ಅವರು ಗುಟ್ಟಾಗಿ ನಗರವನ್ನು ಬಿಟ್ಟು, ಎರಡು ವಾರಗಳ ಕಠಿಣ ಪ್ರಯಾಣದ ಬಳಿಕ 31ರಂದು ಭಾರತವನ್ನು ತಲುಪಿದರು. ಅವರ ಹಿಂದೆ ಸುಮಾರು 80,000 ಜನ ಹಿಮದ ದಾರಿಗಳನ್ನು ದಾಟಿ ಬಂದರು. ಹಾಗೆ ಬಂದ ಭಿಕ್ಷುಗಳಲ್ಲಿ ಸುಮಾರು ಒಂದೂವರೆ ಸಾವಿರ ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯೊಂದರಲ್ಲಿ ಇರಿಸಲಾಯಿತು. ಅಲ್ಲಿಯ ಸೆಕೆಯೂ ತೇವವೂ ಎತ್ತರದ ಒಣಹವೆಯಲ್ಲಿ ಬೆಳೆದವರ ದೇಹಕ್ಕೆ ಸಹಿಸದಾದವು. ಅನೇಕರು ಕ್ಷಯರೋಗಕ್ಕೆ ತುತ್ತಾದರು. ಆದರೂ ಅವರು ಪಾಠ ಪ್ರವಚನಗಳನ್ನು ನಿಲ್ಲಿಸಲಿಲ್ಲ. ಹೊತ್ತು ತಂದ ಕೆಲವೇ ಗ್ರಂಥಗಳನ್ನು ನಕಲು ಮಾಡಿಕೊಂಡು, ಮಿಕ್ಕುದನ್ನು ನೆನಪಿನಿಂದ ಒಪ್ಪಿಸುತ್ತ ವಿದ್ಯೆಯ ಎಳೆಯನ್ನು ಕಾಪಾಡಿದರು.

ಟಿಬೆಟನ್ನರು ಒಂದೆಡೆ ನೆಲೆಸಿ ತಮ್ಮ ಭಾಷೆಯನ್ನೂ ಧರ್ಮವನ್ನೂ ಉಳಿಸಿಕೊಳ್ಳಲು ನೆಲವನ್ನು ಕೊಡುವಂತೆ ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ರಾಜ್ಯಗಳನ್ನು ಕೇಳಿಕೊಂಡರು. ಮೈಸೂರು ರಾಜ್ಯವು ಇದಕ್ಕೆ ಉದಾರವಾಗಿ ಓಗೊಟ್ಟಿತು. ಮೊದಲು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ವಸತಿಯಾಯಿತು. ಬಳಿಕ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಕಾಡುನೆಲದಲ್ಲಿ ಇನ್ನೊಂದು ವಸತಿಯು ಆರಂಭವಾಯಿತು. 1969ರ ಸುಮಾರಿಗೆ ಬಕ್ಸಾದ ಭಿಕ್ಷುಗಳು ದಕ್ಷಿಣಕ್ಕೆ ಬಂದರು. ಸೆರಾ ವಿಹಾರವು ಬೈಲಕುಪ್ಪೆಯಲ್ಲಿ, ಗಾದೆನ್ ಮತ್ತು ಡ್ರೆಪುಂಗ್ ವಿಹಾರಗಳು ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ಗ್ರಂಥಗಳನ್ನು ಹಿಡಿದಿದ್ದ ಕೈಗಳು ಕೊಡಲಿ ಗುದ್ದಲಿಗಳನ್ನು ಹಿಡಿದವು. ಭಿಕ್ಷುಗಳು ಹಗಲಿನಲ್ಲಿ ಕಾಡು ಕಡಿದು ಗೋವಿನಜೋಳವನ್ನೂ ಭತ್ತವನ್ನೂ ಬೆಳೆದು, ಉಳಿದ ಹೊತ್ತಿನಲ್ಲಿ ಓದಿದರು. ಡೇರೆ ಗುಡಿಸಲುಗಳಿದ್ದ ಎಡೆಯಲ್ಲಿ ಇಂದು ಸಾವಿರಾರು ವಿದ್ಯಾರ್ಥಿ ಭಿಕ್ಷುಗಳ ವಿದ್ಯಾಪೀಠಗಳಿವೆ.

ಹೀಗೆ ಲ್ಹಾಸಾದ ದಾರಿ ಕಡಿದ ಮೇಲೆ ಲಡಾಖಿನ ಭಿಕ್ಷುಗಳ ವಿದ್ಯೆಯ ದಾರಿಯು ದಕ್ಷಿಣಕ್ಕೆ ತಿರುಗಿತು. ಸ್ಪಿಟುಕ್, ಥಿಕ್ಸೆಗಳಂಥ ವಿಹಾರಗಳ ಎಳೆಯ ಭಿಕ್ಷುಗಳು ಈಗ ಹೆಚ್ಚಿನ ಅಧ್ಯಯನಕ್ಕಾಗಿ ಕರ್ನಾಟಕದ ವಿದ್ಯಾಪೀಠಗಳಿಗೆ ಇಳಿದು ಬರುತ್ತಾರೆ. ಪ್ರವಾಸಿಯು ಕಾಣಲೆಂದು ಅರ್ಗಾದಿಂದ ಲೇಹ್‌ಗೆ ಏರಿ ಹೋಗುತ್ತಾನೆ. ಭಿಕ್ಷುವು ಕಲಿಯಲೆಂದು ಲೇಹ್‌ನಿಂದ ಅರ್ಗಾದ ಜಿಲ್ಲೆಗೇ ಇಳಿದು ಬರುತ್ತಾನೆ. ಈ ಒಂದು ಸಂಗತಿಯನ್ನು ಅರಿತರೆ ಪ್ರವಾಸದ ಯೋಜನೆಯೇ ಬದಲಾಗುತ್ತದೆ. ಹಿಮಾಲಯದ ವಿಹಾರಗಳನ್ನು ನೋಡಬಯಸುವ ಕರಾವಳಿಯವರ ಮೊದಲ ತಂಗುದಾಣವು ದೆಹಲಿಯಲ್ಲ, ಶ್ರೀನಗರವಲ್ಲ, ಮುಂಡಗೋಡ.

ಅರ್ಗಾದಿಂದ ಮುಂಡಗೋಡಕ್ಕೆ ಅರ್ಧ ದಿನದೊಳಗೆ ತಲುಪಬಹುದು. ಅಮದಳ್ಳಿ, ಅವರ್ಸಾಗಳನ್ನು ಹಾಯ್ದು ಅಂಕೋಲೆಗೆ ಬಂದು, ಅಲ್ಲಿಂದ ಮೂಡಣಕ್ಕೆ ಹುಬ್ಬಳ್ಳಿಯ ಹೆದ್ದಾರಿಯನ್ನು ಹಿಡಿಯಬೇಕು. ಅರಬೈಲು ಘಟ್ಟವನ್ನೇರಿ ಯಲ್ಲಾಪುರವನ್ನು ಮುಟ್ಟಿದ ಮೇಲೆ ಮುಂಡಗೋಡದ ದಾರಿ ಕವಲೊಡೆಯುತ್ತದೆ. ದಟ್ಟವಾದ ಮಲೆನಾಡು ಮೆಲ್ಲನೆ ತೆಳುವಾಗಿ, ಬಯಲುಸೀಮೆಯ ಹೊಲಗಳು ತೋರತೊಡಗುವ ಗಡಿಯಲ್ಲಿ ಮುಂಡಗೋಡವಿದೆ. ಮಳೆಗಾಲದ ಬಿರುಸು ಇಳಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ, ಹೋಗುವುದು ಒಳಿತು. ವಿದೇಶೀಯರು ಟಿಬೆಟನ್ ವಸತಿಗಳಲ್ಲಿ ತಂಗಬೇಕಾದರೆ ಸರ್ಕಾರದ ಪರವಾನಗಿ ಪಡೆಯಬೇಕು. ಭಾರತದ ಪ್ರಜೆಗಳಿಗೆ ಅಂಥ ನಿರ್ಬಂಧವಿಲ್ಲ.

ಈ ಜಿಲ್ಲೆಗೆ ಬೌದ್ಧಧರ್ಮವು 1966ರಲ್ಲಿ ಮೊದಲ ಬಾರಿಗೆ ಬಂದುದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಅಶೋಕ ಚಕ್ರವರ್ತಿಯ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಪ್ರಾಚೀನ ಗ್ರಂಥವಾದ ‘ಮಹಾವಂಸ’ವು ಹೇಳುತ್ತದೆ. ಆ ವನವಾಸವೇ ಶಿರಸಿ ತಾಲ್ಲೂಕಿನ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಮೇಲಿನ ಪ್ರಾಕೃತ ಶಾಸನದಲ್ಲಿ ಚುಟು ಮನೆತನದ ರಾಜಕುಮಾರಿಯೊಬ್ಬಳು ನಾಗಶಿಲ್ಪದೊಡನೆ ಕೆರೆಯನ್ನೂ ವಿಹಾರವನ್ನೂ ಮಾಡಿಸಿದ ಸಂಗತಿಯಿದೆ. ಒಂದು ಕಾಲಕ್ಕೆ ವಿಹಾರವಿದ್ದ ನಾಡಿಗೆ, ಹಿಮಾಲಯವನ್ನು ಬಳಸಿಕೊಂಡು, ವಿಹಾರವು ಮತ್ತೆ ಬಂದು ನೆಲೆಸಿದೆ.

ಮುಂಡಗೋಡದ ವಸತಿಯ ಬೀದಿಗಳಲ್ಲಿ ಕೆಂಪು ಕಾವಿಯ ಉಡುಗೆ ತೊಟ್ಟ ಭಿಕ್ಷುಗಳು ಎಲ್ಲೆಡೆ ಕಾಣಸಿಗುತ್ತಾರೆ. ಗಾದೆನ್ ವಿಹಾರದಲ್ಲಿ ಶಾರ್ತ್ಸೆ ಮತ್ತು ಜಾಂಗ್ತ್ಸೆ, ಡ್ರೆಪುಂಗ್ ವಿಹಾರದಲ್ಲಿ ಲೋಸೆಲಿಂಗ್ ಮತ್ತು ಗೋಮಾಂಗ್ ಎಂಬ ವಿದ್ಯಾಶಾಲೆಗಳಿವೆ. ನೋಡುವವರ ಮನಸ್ಸನ್ನು ಬಹುವಾಗಿ ಸೆಳೆಯುವುದು ಅಲ್ಲಿಯ ವಾದಾಂಗಣ. ಉತ್ತರ ಹೇಳುವ ಭಿಕ್ಷುವು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಪ್ರಶ್ನೆಯ ಕೊನೆಗೆ ಕಾಲನ್ನು ನೆಲಕ್ಕೆ ಅಪ್ಪಳಿಸಿ, ಕೈಗಳನ್ನು ರಪ್ಪನೆ ತಟ್ಟುತ್ತಾನೆ. ಅರಿಯದವರಿಗೆ ಅದು ಜಗಳದಂತೆ ತೋರುತ್ತದೆ. ಅರಿತವರಿಗೆ ಅದೊಂದು ತರ್ಕದ ತರಗತಿ. ಅವರ ಪಾಠಪಟ್ಟಿಯ ಹೆಸರುಗಳನ್ನು ಕೇಳಿದರೆ ಆಶ್ಚರ್ಯವಾಗುತ್ತದೆ: ಧರ್ಮಕೀರ್ತಿಯ ಪ್ರಮಾಣಶಾಸ್ತ್ರ, ನಾಗಾರ್ಜುನ ಚಂದ್ರಕೀರ್ತಿಗಳ ಮಾಧ್ಯಮಿಕ ದರ್ಶನ, ವಸುಬಂಧುವಿನ ಅಭಿಧರ್ಮ, ಗುಣಪ್ರಭನ ವಿನಯ. ಎಲ್ಲರೂ ಭಾರತದ ಆಚಾರ್ಯರೇ. ‘ಗೆಶೆ’ ಎಂಬ ಪದವಿಯನ್ನು ಪಡೆಯಲು ಹದಿನೈದು ಇಪ್ಪತ್ತು ವರ್ಷಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಹೀಗೆ ಓದಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಪ್ರಾಚೀನ ಶಾಸ್ತ್ರಗಳ ಜೊತೆಗೆ ಆಧುನಿಕ ವಿಜ್ಞಾನವನ್ನೂ ಕಲಿಸಲಾಗುತ್ತಿದೆ.

ಶತಮಾನಗಳ ಕಾಲ ಗಂಡಸರಿಗೆ ಮಾತ್ರ ದೊರೆಯುತ್ತಿದ್ದ ಈ ಉನ್ನತ ಪದವಿಯ ಬಾಗಿಲು ಸ್ತ್ರೀಯರಿಗೂ ತೆರೆದುದು ಈ ನೆಲದ ಇನ್ನೊಂದು ಹೆಮ್ಮೆ. 2016ರ ಡಿಸೆಂಬರ್‌ನಲ್ಲಿ ಮುಂಡಗೋಡದಲ್ಲಿ ನಡೆದ ಸಮಾರಂಭದಲ್ಲಿ ಇಪ್ಪತ್ತು ಮಂದಿ ಟಿಬೆಟನ್ ಸಂಪ್ರದಾಯದ ಭಿಕ್ಷುಣಿಯರು ದಲೈ ಲಾಮಾ ಅವರಿಂದ ‘ಗೆಶೆಮಾ’ ಪದವಿಯನ್ನು ಸ್ವೀಕರಿಸಿದರು. ಲ್ಹಾಸಾದಲ್ಲಿ ಆಗದೆ ಇದ್ದುದು ಉತ್ತರ ಕನ್ನಡದಲ್ಲಿ ಆಯಿತು. ಸಂಪ್ರದಾಯವನ್ನು ಉಳಿಸಿಕೊಳ್ಳುವುದೆಂದರೆ ಇದ್ದುದನ್ನು ಇದ್ದಂತೆ ಕಟ್ಟಿಡುವುದಲ್ಲ, ಅದನ್ನು ಬೆಳೆಯಗೊಡುವುದೂ ಹೌದೆಂಬುದಕ್ಕೆ ಇದು ನಿದರ್ಶನ.

ವಿಹಾರವನ್ನು ಸಂದರ್ಶಿಸುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಮುಂಡಗೋಡದಲ್ಲಿ ಅವುಗಳನ್ನು ರೂಢಿಸಿಕೊಂಡವರಿಗೆ ಲೇಹ್‌ನಲ್ಲಿ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಪ್ರಾರ್ಥನಾ ಮಂದಿರದ ಹೊರಗೆ ಪಾದರಕ್ಷೆಗಳನ್ನು ಕಳಚಿಡಬೇಕು. ದೇವಾಲಯದಲ್ಲಿ ಪ್ರದಕ್ಷಿಣೆ ಬರುವಂತೆಯೇ ಸ್ತೂಪವನ್ನೂ ಪ್ರಾರ್ಥನಾ ಚಕ್ರಗಳ ಸಾಲನ್ನೂ ಬಲಕ್ಕಿಟ್ಟುಕೊಂಡು ನಡೆಯಬೇಕು. ವಿಗ್ರಹಗಳ ಕಡೆಗೆ ಕಾಲು ಚಾಚಿ ಕೂರಬಾರದು. ಧರ್ಮಗ್ರಂಥಗಳನ್ನು ನೆಲದ ಮೇಲಿಡುವುದು, ದಾಟುವುದು ಸಲ್ಲದು. ಪೂಜೆ ಪಾಠಗಳು ನಡೆಯುವಾಗ ಗಟ್ಟಿಯಾಗಿ ಮಾತನಾಡಬಾರದು. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬಾರದು. ಊಟ ಮಾಡುತ್ತಿರುವ, ಬಟ್ಟೆ ಒಗೆಯುತ್ತಿರುವ, ಪಾಠ ಒಪ್ಪಿಸುತ್ತಿರುವ ಬಾಲಭಿಕ್ಷುವು ಪ್ರದರ್ಶನದ ವಸ್ತುವಲ್ಲ. ಮನೆಯಿಂದ ದೂರವಿದ್ದು ಓದುತ್ತಿರುವ ವಿದ್ಯಾರ್ಥಿ ಅವನು. ಅವನನ್ನು ಹಾಗೆಯೇ ಕಾಣುವುದು ಸಂದರ್ಶಕರ ಮೊದಲ ಮರ್ಯಾದೆ.

ಅರ್ಗಾದ ಅರಿವು ನೆರವಿಗೆ ಬರುವುದು ಈ ಹಂತದಲ್ಲಿ. ಅರ್ಗಾ ಭಾಗದ ಜನರ ಸ್ಥಳಾಂತರವೂ ಟಿಬೆಟನ್ನರ ನಿರ್ಗಮನವೂ ಒಂದೇ ಬಗೆಯವಲ್ಲ. ಕರಾವಳಿಯ ಕುಟುಂಬಗಳು ಸ್ವಂತ ದೇಶದ ರಕ್ಷಣೆಗಾಗಿ ಊರನ್ನು ಬಿಟ್ಟವು. ಅವುಗಳ ಭಾಷೆ, ಪೌರತ್ವ, ದೇವರು, ಬಂಧುಬಳಗ ಹತ್ತಿರದಲ್ಲಿಯೇ ಉಳಿದವು. ಟಿಬೆಟನ್ನರು ದೇಶವನ್ನೇ ಬಿಟ್ಟರು. ಆದರೂ ತುಳಸಿಕಟ್ಟೆಯಿದ್ದ ಅಂಗಳವನ್ನು ತಿರುಗಿ ನೋಡುತ್ತ ನಡೆದವರಿಗೆ, ಹಿಮದ ಕಣಿವೆಯಲ್ಲಿ ಹಾಗೆಯೇ ತಿರುಗಿ ನೋಡಿದವರ ಮನಸ್ಸು ಅರ್ಥವಾಗದೆ ಇರುವುದಿಲ್ಲ. ಹೊಸ ಜಾಗದಲ್ಲಿ ಮನೆ ಕಟ್ಟಿಕೊಳ್ಳುವುದು ಕಷ್ಟವೇ ಸರಿ. ಹಳೆಯ ಊರಿನ ಹಬ್ಬವನ್ನೂ ಹಾಡನ್ನೂ ನೆರೆಹೊರೆಯ ನಂಟನ್ನೂ ಹೊಸ ಜಾಗದಲ್ಲಿ ಬೇರೂರಿಸುವುದು ಇನ್ನೂ ಕಷ್ಟ. ಅದನ್ನು ಸಾಧಿಸಿದವರ ಉದಾಹರಣೆಯು ತಮ್ಮ ಜಿಲ್ಲೆಯಲ್ಲಿಯೇ ಇದೆಯೆಂಬುದು 1986ರ ನಂತರದ ಕರಾವಳಿಯ ತಲೆಮಾರುಗಳಿಗೆ ತಿಳಿದಿರಬೇಕಾದ ಸಂಗತಿ. ಅದರಂತೆಯೇ, ತಮಗೆ ನೆಲವಿತ್ತ ನಾಡಿನಲ್ಲಿಯೂ ನೆಲ ಕಳೆದುಕೊಂಡವರುಂಟೆಂಬುದು ಟಿಬೆಟನ್ ತರುಣರಿಗೂ ತಿಳಿದಿರುವುದು ಉಚಿತ. ಇಂಥ ಅರಿವಿನಿಂದ ನೆರೆಹೊರೆಯು ಬಲಗೊಳ್ಳುತ್ತದೆ.

ಆದುದರಿಂದ ಲೇಹ್‌ನ ಪ್ರವಾಸವನ್ನು ಒಂದು ವಾರದ ಕೆಲಸವೆಂದು ಎಣಿಸದೆ ಒಂದು ವರ್ಷದ ಅಧ್ಯಯನವೆಂದು ಯೋಜಿಸುವುದು ಲೇಸು. ಮಳೆಗಾಲದಲ್ಲಿ ಬುದ್ಧನ ಜೀವನ, ಟಿಬೆಟ್ಟಿನ ಇತಿಹಾಸ, ಲಡಾಖಿನ ಭೂಗೋಳಗಳನ್ನು ಓದಬೇಕು. ಚಳಿಗಾಲದಲ್ಲಿ ಎರಡು ಮೂರು ದಿನ ಬಿಡುವು ಮಾಡಿಕೊಂಡು ಬನವಾಸಿಯನ್ನೂ ಮುಂಡಗೋಡವನ್ನೂ ನೋಡಿ, ಸಾಧ್ಯವಾದರೆ ಲಡಾಖಿನಿಂದ ಬಂದ ವಿದ್ಯಾರ್ಥಿ ಭಿಕ್ಷುಗಳನ್ನು ಮಾತನಾಡಿಸಿ, ಅವರ ಊರಿನ ದಾರಿ, ಹವೆ, ಆಚಾರಗಳನ್ನು ಕೇಳಿ ತಿಳಿಯಬೇಕು. ಬೆಚ್ಚನೆಯ ಉಡುಪು, ಗಟ್ಟಿಯಾದ ಪಾದರಕ್ಷೆ, ವೈದ್ಯರು ಸೂಚಿಸಿದ ಔಷಧ, ದಾರಿಯ ವೆಚ್ಚ ಇವುಗಳನ್ನು ಬೇಸಿಗೆಯ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ಮೇ ತಿಂಗಳಿನ ನಂತರ ನಿಧಾನವಾಗಿ ಮೇಲೇರಬೇಕು. ಲೇಹ್‌ನಲ್ಲಿ ಹತ್ತು ವಿಹಾರಗಳನ್ನು ಓಡೋಡಿ ನೋಡುವುದಕ್ಕೆ ಬದಲಾಗಿ ಎರಡನ್ನೋ ಮೂರನ್ನೋ ಸಾವಧಾನದಿಂದ ನೋಡಬೇಕು.

ಹೀಗೆ ಸಿದ್ಧರಾಗಿ ಹೋದವರು ಥಿಕ್ಸೆಯ ಮೆಟ್ಟಿಲುಗಳನ್ನು ಏರುವಾಗ, ಅಲ್ಲಿ ಕೇಳಿಬರುವ ಮಂತ್ರಘೋಷವನ್ನು ಎಂದೂ ಕೇಳದ ಸದ್ದೆಂದು ಬೆರಗಾಗುವುದಿಲ್ಲ. ಅದು ನಾಲಂದೆಯಲ್ಲಿ ಮೊದಲಾಗಿ, ಲ್ಹಾಸಾದಲ್ಲಿ ಬೆಳೆದು, ಮುಂಡಗೋಡದ ಕಾಡಿನಲ್ಲಿ ಕಾಪಾಡಲ್ಪಟ್ಟ ವಿದ್ಯೆಯ ದನಿಯೆಂಬುದನ್ನು ಗುರುತಿಸುತ್ತಾರೆ. ಆ ವಿದ್ಯೆಯು ಉಳಿದು ಬರುವಲ್ಲಿ ಕನ್ನಡ ನಾಡಿನ ನೆಲಕ್ಕೂ ಒಂದು ಪಾಲಿದೆಯೆಂಬ ವಿನಯಪೂರ್ವಕವಾದ ಸಂತೋಷವು ಅವರದಾಗುತ್ತದೆ.